ಹೂದಾನಿಯ ಪಕ್ಕದ ಗಡಿಯಾರ: ನೆದರ್ಲೆಂಡ್ಸಿನ ಹೂಚಿತ್ರಗಳ ಜಾಡಿನಲ್ಲಿ

ಏಪ್ರಿಲ್ ತಿಂಗಳಲ್ಲಿ ನೆದರ್ಲೆಂಡ್ಸಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಟುಲಿಪ್ ತೋಟ ನೋಡಲು ಹೋಗುತ್ತಾರೆ. ನಾನು ಹೊರಟದ್ದು ಹದಿನೇಳನೆಯ ಶತಮಾನದಲ್ಲಿ ಅಲ್ಲಿಯ ಕಲಾವಿದರು ಬರೆದಿಟ್ಟ ಹೂಗಳನ್ನು ನೋಡುವುದಕ್ಕೆ. ಹೂದಾನಿಯ ತುಂಬ ಹೂ, ಪಕ್ಕದಲ್ಲಿ ಕಿಸೆ ಗಡಿಯಾರವೋ ತಲೆಬುರುಡೆಯೋ ಆರಿದ ದೀಪವೋ ಇರುವ ಈ ಸ್ಥಿರವಸ್ತು ಚಿತ್ರಗಳನ್ನು ಪುಸ್ತಕಗಳಲ್ಲಿ ವರ್ಷಗಟ್ಟಲೆ ನೋಡಿದ್ದೆ. ಅವುಗಳನ್ನು ವಿವರಿಸುವವರು ಸಾಮಾನ್ಯವಾಗಿ ಒಂದು ಕೋಷ್ಟಕವನ್ನು ಕೈಗಿಡುತ್ತಾರೆ: ನೊಣವೆಂದರೆ ಕೊಳೆತ, ಚಿಟ್ಟೆಯೆಂದರೆ ಪುನರುತ್ಥಾನ, ಉದುರಿದ ಎಸಳೆಂದರೆ ಮರಣ. ಆ ಕೋಷ್ಟಕದಿಂದ ನನಗೆ ಎಂದೂ ಸಮಾಧಾನವಾಗಿರಲಿಲ್ಲ. ಸಾವನ್ನು ನೆನಪಿಸುವುದಷ್ಟೇ ಉದ್ದೇಶವಾಗಿದ್ದರೆ ಒಂದು ಬುರುಡೆ ಸಾಕಿತ್ತು. ಇಷ್ಟೊಂದು ಹೂಗಳನ್ನು, ಎಸಳಿನ ಗೆರೆಗೆರೆಯನ್ನೂ ಬಿಡದೆ, ಇಷ್ಟು ಅಕ್ಕರೆಯಿಂದ ಬರೆಯುವ ಅಗತ್ಯವೇನಿತ್ತು ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿದೇ ಇತ್ತು.

ಆಮ್ಸ್ಟರ್‌ಡ್ಯಾಮಿಗೆ ತಾಗಿಕೊಂಡಂತೆ ಇರುವ ಆಮ್ಸ್ಟಲ್‌ವೇನ್‌ನಲ್ಲಿ ಚಿಕ್ಕಪ್ಪನ ಮಗಳ ಮನೆಯಿದೆ. ಭಾರತೀಯರು ಬಹಳ ಇರುವ ಊರದು. ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಹುಣಸೆಹಣ್ಣಿನವರೆಗೆ ಎಲ್ಲವೂ ಸಿಗುತ್ತದೆ. ಮಗಳ ಜೊತೆ ಕೆಲವು ತಿಂಗಳು ಇರಲೆಂದು ಚಿಕ್ಕಮ್ಮನೂ ಬಂದಿದ್ದರು. ಸೋಮವಾರ ಅಲ್ಲಿಯ ಹಲವು ವಸ್ತುಸಂಗ್ರಹಾಲಯಗಳಿಗೆ ರಜೆ, ಆದ್ದರಿಂದ ನನ್ನ ಓಡಾಟವನ್ನು ಮಂಗಳವಾರದಿಂದ ಇಟ್ಟುಕೊಂಡೆ. ಇಂಥ ಪ್ರವಾಸಕ್ಕೆ ಹೋಗುವವರು ದೊಡ್ಡ ಸಂಗ್ರಹಾಲಯಗಳಿಗೆ ಗಂಟೆ ಗೊತ್ತುಮಾಡಿಕೊಂಡೇ ಚೀಟಿ ಪಡೆಯುವುದು ಒಳ್ಳೆಯದು, ಅದರಲ್ಲೂ ಬೆಳಗಿನ ಮೊದಲ ಗಂಟೆಯದು ಸಿಕ್ಕರೆ ಚಿತ್ರಗಳ ಮುಂದೆ ನೆಮ್ಮದಿಯಾಗಿ ನಿಲ್ಲಬಹುದು.

ಮಂಗಳವಾರ, ದ ಹೇಗ್

ಚಿಕ್ಕಮ್ಮ ತಾವೂ ಬರುವುದಾಗಿ ಹೇಳಿ, ಸೀರೆಯ ಮೇಲೆ ಮಗಳ ದಪ್ಪ ಜಾಕೆಟ್ ಹಾಕಿಕೊಂಡು ಹೊರಟರು. "ಬಿಸಿಲಿದೆ ಅಂತ ನಂಬಬೇಡ ಕಣೆ, ಇಲ್ಲಿಯ ಬಿಸಿಲು ಬರೀ ಬೆಳಕು" ಎಂದು ನನಗೂ ಒಂದು ಶಾಲು ಕೊಟ್ಟರು. ಮುಕ್ಕಾಲು ಗಂಟೆಯ ರೈಲು ದಾರಿ. ವಿಮಾನ ನಿಲ್ದಾಣ ದಾಟಿದ ಮೇಲೆ ನೆಲ ಹಲಗೆಯಂತೆ ಸಪಾಟಾಗಿ ತೆರೆದುಕೊಳ್ಳುತ್ತದೆ. ಕಾಲುವೆ, ಹುಲ್ಲು, ಕುರಿ, ನಡುನಡುವೆ ಕೆಂಪು ಹಳದಿ ಪಟ್ಟೆಗಳ ಹೂಹೊಲ. ದ ಹೇಗ್ ತಲುಪುವಷ್ಟರಲ್ಲಿ ಒಮ್ಮೆ ಮಳೆ ಬಂದು ನಿಂತಿತ್ತು.

ಮೌರಿಟ್ಸ್‌ಹೌಸ್ ಎಂಬ ಸಂಗ್ರಹಾಲಯವು ಊರ ನಡುವಿನ ಕೊಳದ ದಡದಲ್ಲಿ, ಹಳೆಯ ಶ್ರೀಮಂತನೊಬ್ಬನ ಮನೆಯಲ್ಲಿದೆ. ಅದು ದೊಡ್ಡದಲ್ಲ, ಅದೇ ಅದರ ಅನುಕೂಲ. ಅರ್ಧ ದಿನದಲ್ಲಿ ಕಾಲು ನೋಯಿಸಿಕೊಳ್ಳದೆ ನೋಡಬಹುದು. ಬಂದವರೆಲ್ಲ ಮುತ್ತಿನೋಲೆಯ ಹುಡುಗಿ ಎಂಬ ಹೆಸರಾಂತ ಚಿತ್ರದ ಮುಂದೆ ಗುಂಪುಗೂಡುವುದರಿಂದ ಹೂಚಿತ್ರಗಳ ಮುಂದೆ ಯಾರೂ ಇರುವುದಿಲ್ಲ.

ಆಂಬ್ರೋಸಿಯಸ್ ಬೊಸ್ಕಾರ್ಟ್ 1618ರ ಸುಮಾರಿಗೆ ಬರೆದ, ಕಿಟಕಿಯಲ್ಲಿಟ್ಟ ಹೂದಾನಿಯ ಚಿತ್ರದ ಮುಂದೆ ನಾವು ಬಹಳ ಹೊತ್ತು ನಿಂತೆವು. ಎತ್ತರ 64 ಸೆಂಟಿಮೀಟರ್, ಅಗಲ 46. ಮರದ ಹಲಗೆಯ ಮೇಲಿನ ತೈಲವರ್ಣ. ಕಮಾನಿನ ಕಿಟಕಿ, ಅದರಾಚೆ ದೂರದಲ್ಲಿ ತಿಳಿನೀಲಿ ಬಯಲು, ಕಿಟಕಿಯ ಹಾಸಿನ ಮೇಲೆ ದೂರದ ಸಮುದ್ರಗಳಿಂದ ಬಂದ ಚಿಪ್ಪುಗಳು. ಹೂದಾನಿಯಲ್ಲಿ ವಸಂತದ ಟುಲಿಪ್‌ಗಳೂ ಬೇಸಿಗೆಯ ಗುಲಾಬಿಗಳೂ ಒಂದೇ ನೀರಿನಲ್ಲಿ ನಿಂತಿವೆ. ಇದು ಯಾವ ತೋಟದಲ್ಲೂ, ಯಾವ ದಿನವೂ ಕಟ್ಟಲಾಗದ ಗುಚ್ಛ. ಟುಲಿಪ್ ಉದುರಿದ ಮೇಲೆ ಈ ಗುಲಾಬಿ ಅರಳುತ್ತದೆ. ಒಂದೊಂದು ಹೂ ಅರಳಿದಾಗಲೂ ಅದರ ಪ್ರತಿಯನ್ನು ಬರೆದಿಟ್ಟುಕೊಂಡು, ಆಮೇಲೆ ಅವುಗಳನ್ನು ಒಂದೇ ಹಲಗೆಯ ಮೇಲೆ ಸೇರಿಸುವುದು ಆ ಕಾಲದ ಕಲಾವಿದರ ಪದ್ಧತಿ. ಬೊಸ್ಕಾರ್ಟನ ಬೇರೆ ಬೇರೆ ಚಿತ್ರಗಳಲ್ಲಿ ಅದೇ ಹೂ ಅದೇ ಭಂಗಿಯಲ್ಲಿ ಮತ್ತೆ ಕಾಣಿಸುವುದಕ್ಕೂ ಅದೇ ಕಾರಣ. ಹಾಗಾಗಿ ನಾವು ನೋಡುತ್ತಿದ್ದದ್ದು ಒಂದು ಗಳಿಗೆಯ ನೋಟವಲ್ಲ, ಹಲವು ತಿಂಗಳುಗಳನ್ನು ಒಟ್ಟಿಗೆ ಹಿಡಿದಿಟ್ಟ ಕೆಲಸ. ಆದರೆ ಹತ್ತಿರ ಬಾಗಿ ನೋಡಿದರೆ ಎಲೆಗಳಲ್ಲಿ ಹುಳು ತಿಂದ ತೂತುಗಳಿವೆ, ಅಂಚು ಕಂದಿದೆ. ಋತುಗಳನ್ನು ಇಷ್ಟು ಧೈರ್ಯವಾಗಿ ಮೀರಿದವನು ಹುಳುವನ್ನು ಮಾತ್ರ ಒಳಗೆ ಬಿಟ್ಟುಕೊಂಡಿದ್ದಾನೆ.

ಇದೇ ಕಾಲದಲ್ಲಿ ಆಂಟ್‌ವರ್ಪ್‌ನ ಯಾನ್ ಬ್ರೂಗಲ್, ಮಿಲಾನಿನ ಕಾರ್ಡಿನಲ್ ಫೆದೆರಿಗೊ ಬೊರೊಮಿಯೊಗೆ 1606ರಲ್ಲಿ ಬರೆದ ಪತ್ರದಲ್ಲಿ, ತನ್ನೂರಿನಲ್ಲಿ ಸಿಗದ ಹೂಗಳನ್ನು ಕಣ್ಣಾರೆ ಕಂಡು ಬರೆಯಲು ಬ್ರಸೆಲ್ಸ್‌ಗೆ ಹೋಗಿದ್ದನ್ನು ತಿಳಿಸಿದ್ದಾನೆ. ಚಳಿಗಾಲದಲ್ಲಿ ಎಲ್ಲವೂ ಹಿಮದಿಂದ ಮುಚ್ಚಿಹೋದಾಗ ಬರೆದ ಹೂಗಳನ್ನು ನೋಡಿ ಸಂತೋಷಪಡುತ್ತೇನೆಂದು ಆ ಕಾರ್ಡಿನಲ್ಲನೂ ಬರೆದುಕೊಂಡಿದ್ದಾನೆ. ಧರ್ಮಗುರುವೊಬ್ಬನಿಗೆ ಹೂಚಿತ್ರವು ಮರಣದ ಪಾಠವಾಗುವ ಮೊದಲು ಚಳಿಗಾಲವನ್ನು ದಾಟಿಸುವ ಸಂಗಾತಿಯಾಗಿತ್ತು ಎಂಬುದನ್ನು ಕೋಷ್ಟಕದವರು ಸಾಮಾನ್ಯವಾಗಿ ಹೇಳುವುದಿಲ್ಲ. ಬೊಸ್ಕಾರ್ಟನ ಅಂತ್ಯವಾದದ್ದು ಇದೇ ದ ಹೇಗ್‌ನಲ್ಲಿ, 1621ರಲ್ಲಿ. ರಾಜಕುಮಾರನ ಮನೆಯ ಅಧಿಕಾರಿಯೊಬ್ಬನಿಗಾಗಿ 1000 ಗಿಲ್ಡರ್ ಬೆಲೆಯ ಹೂಚಿತ್ರವನ್ನು ತಲುಪಿಸಲು ಬಂದಾಗ.

ಮುಂದಿನ ಕೋಣೆಯಲ್ಲಿ ನಾನು ಮುಖ್ಯವಾಗಿ ಹುಡುಕಿಕೊಂಡು ಬಂದಿದ್ದ ಚಿತ್ರವಿತ್ತು. ಅಬ್ರಹಾಂ ವಾನ್ ಬೆಯರೆನ್ ಇದೇ ಊರಿನಲ್ಲಿ ಹುಟ್ಟಿದವನು. ಮೀನುಗಳ ಮತ್ತು ಔತಣದ ಮೇಜುಗಳ ಚಿತ್ರಗಳಿಗೆ ಹೆಸರಾದವನು ಹೂಗಳನ್ನು ಬರೆದದ್ದು ಕಡಿಮೆ. 1663ರಿಂದ 1665ರ ನಡುವೆ ಅವನು ಬರೆದ ಈ ಚಿತ್ರದಲ್ಲಿ ಹೂಗಳು ಅರಳುವಷ್ಟು ಅರಳಿಬಿಟ್ಟಿವೆ, ತೊಟ್ಟು ಭಾರ ತಾಳಲಾರದೆ ಬಾಗಿದೆ. ಕೆಳಗೆ ಕಲ್ಲಿನ ಹಾಸಿನ ಮೇಲೆ ಪಟ್ಟಿ ಕಟ್ಟಿದ ಕಿಸೆ ಗಡಿಯಾರವೊಂದು ಮುಚ್ಚಳ ತೆರೆದು ಮಲಗಿದೆ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಾವು ನಿನ್ನೆಯ ಹೂವನ್ನ ಬೆಳಗೆದ್ದು ನಿರ್ಮಾಲ್ಯ ಅಂತ ತೆಗೆದುಬಿಡ್ತೀವಿ. ಇವರು ತೆಗೆಯೋ ಹೊತ್ತಿನ ಹೂವನ್ನೇ ಬರೆದಿಟ್ಟಿದ್ದಾರಲ್ಲೇ" ಎಂದರು. ನಾನು ಓದಿದ ಯಾವ ವಿವರಣೆಗಿಂತಲೂ ಈ ಮಾತು ಆ ಚಿತ್ರಕ್ಕೆ ಹತ್ತಿರವಾಗಿತ್ತು. ವಾನ್ ಬೆಯರೆನ್ ಆರಿಸಿಕೊಂಡ ಹೊತ್ತು ಅದೇ, ಹೂವನ್ನು ಎತ್ತಿಹಾಕಬೇಕೆಂದು ಮನೆಯಾಕೆಗೆ ಅನ್ನಿಸುವ ಗಳಿಗೆ.

ಆ ಕಾಲದ ಕಿಸೆ ಗಡಿಯಾರಗಳಿಗೆ ಸಾಮಾನ್ಯವಾಗಿ ಗಂಟೆಯ ಮುಳ್ಳೊಂದೇ ಇರುತ್ತಿತ್ತು, ಅದೂ ನಂಬುವಂತಿರಲಿಲ್ಲ. ದ ಹೇಗ್‌ನವನೇ ಆದ ಕ್ರಿಸ್ಟಿಯಾನ್ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ್ದು 1656ರಲ್ಲಿ, ಕಿಸೆ ಗಡಿಯಾರವನ್ನು ಕರಾರುವಾಕ್ಕಾಗಿಸಿದ ಸುರುಳಿ ಸ್ಪ್ರಿಂಗನ್ನು ಪ್ರಕಟಿಸಿದ್ದು 1675ರಲ್ಲಿ. ಎಂದರೆ ಈ ಚಿತ್ರವನ್ನು ಬರೆಯುವಾಗ ಇದೇ ಬೀದಿಗಳಲ್ಲಿ ಕಾಲವನ್ನು ನಿಮಿಷ ನಿಮಿಷವಾಗಿ ಹಿಡಿಯುವ ಪ್ರಯತ್ನ ನಡೆದಿತ್ತು. ಗಡಿಯಾರವು ಇಲ್ಲಿ ಬರಿಯ ಸಂಕೇತವಲ್ಲ, ಹೊಸ ವಿಷಯ, ದುಬಾರಿ ವಸ್ತು, ಟುಲಿಪ್ಪಿನಂತೆಯೇ.

ಪೀಟರ್ ಕ್ಲಾಸ್ 1630ರಲ್ಲಿ ಬರೆದ ಬುರುಡೆಯ ಚಿತ್ರವೂ ಇಲ್ಲಿದೆ: ಬುರುಡೆ, ಎಲುಬು, ಆರಿದ ದೀಪ, ಮಗುಚಿದ ಗಾಜಿನ ಲೋಟ, ಗಡಿಯಾರ, ಹಳೆಯ ಪುಸ್ತಕ. ಬಣ್ಣವೆಲ್ಲ ಕಂದು ಬೂದು. ವಾನಿಟಾಸ್ ಎಂದು ಕರೆಯುವ ಈ ಬಗೆಯ ಚಿತ್ರಕ್ಕೆ ಬೈಬಲಿನ ಪ್ರಸಂಗಿಯ ಮಾತು, ಎಲ್ಲವೂ ವ್ಯರ್ಥವೆಂಬ ಮಾತು, ಆಧಾರ. ಕುಶಲತೆಯಲ್ಲಿ ಎಲ್ಲಿಯೂ ಕೊರತೆಯಿಲ್ಲ, ಆದರೂ ಅದು ನನ್ನ ಮನಸ್ಸನ್ನು ಹೂವಿನಷ್ಟು ಅಲುಗಿಸಲಿಲ್ಲ. ಬುರುಡೆಗೆ ಆಗಬೇಕಾದದ್ದೆಲ್ಲ ಆಗಿ ಮುಗಿದಿದೆ, ಹೂವಿಗೆ ಈಗ ಆಗುತ್ತಿದೆ. ರೆಂಬ್ರಾಂಟ್ 1632ರಲ್ಲಿ ಬರೆದ ಶವಚ್ಛೇದನದ ಚಿತ್ರ ಅದೇ ಮನೆಯ ಇನ್ನೊಂದು ಕೋಣೆಯಲ್ಲಿದೆ. ಹೆಣದ ತೋಳನ್ನು ಬಿಡಿಸಿ ತೋರಿಸುತ್ತಿರುವ ಡಾಕ್ಟರ್ ಟಲ್ಪ್ ಹುಟ್ಟಿನಿಂದ ಆ ಹೆಸರಿನವನಲ್ಲ. ಟುಲಿಪ್ ಹೂವಿನ ಹೆಸರನ್ನು ತಾನೇ ಇಟ್ಟುಕೊಂಡವನು, ಆ ಹೂವೇ ಅವನ ಮುದ್ರೆಯಾಗಿತ್ತು. ಹೂವೂ ಹೆಣವೂ ಆ ನಾಡಿನಲ್ಲಿ ಎಷ್ಟು ಹತ್ತಿರವಿದ್ದವೆಂಬುದು ಮರುದಿನ ಇನ್ನೂ ಸ್ಪಷ್ಟವಾಯಿತು.

ಹೊರಗೆ ಬಂದಾಗ ಗಾಳಿ ಬೀಸಿ ಚಿಕ್ಕಮ್ಮನ ಕೊಡೆ ತಿರುಗುಮುರುಗಾಗಿ ಎರಡು ಕಡ್ಡಿ ಮುರಿದವು. ಒದ್ದೆಯಾಗಿಯೇ ಒಂದು ಸುರಿನಾಮಿ ರೊಟ್ಟಿಯ ಅಂಗಡಿ ಹೊಕ್ಕೆವು. 1873ರಿಂದ ಕೋಲ್ಕತ್ತೆಯ ಬಂದರಿನಿಂದ ಸುರಿನಾಮಿಗೆ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು ಮರಿಮಕ್ಕಳು ಈ ಊರಿನಲ್ಲಿ ಬಹಳ. ಬೇಳೆಯ ಪುಡಿ ತುಂಬಿದ ಮೆತ್ತನೆಯ ರೊಟ್ಟಿ, ಆಲೂಗಡ್ಡೆ, ಅಲಸಂದೆ ಕಾಯಿಯ ಪಲ್ಯ ಬಂದವು. ಅಂಗಡಿಯ ಹಿರಿಯ ಹೆಂಗಸು ಚಿಕ್ಕಮ್ಮನ ಮುಡಿಯಲ್ಲಿದ್ದ ಹೂವನ್ನು ನೋಡಿ, ತಮ್ಮ ಆಜಿಯೂ ಹೀಗೆಯೇ ಮುಡಿಯುತ್ತಿದ್ದರೆಂದು ಹರಕು ಹಿಂದಿಯಲ್ಲಿ ಹೇಳಿ, ದೇವರ ಪಟದ ಮೇಲಿನ ಚೆಂಡುಹೂವಿನ ಸರವನ್ನು ತೋರಿಸಿದರು. ಅದು ಬಟ್ಟೆಯದು. "ಇದು ಬಾಡುವುದಿಲ್ಲ, ಆದರೆ ಧೂಳು ಹಿಡಿಯುತ್ತದೆ" ಎಂದರು.

ಬುಧವಾರ, ಲೈಡನ್

ಬುಧವಾರ ಮತ್ತು ಶನಿವಾರ ಲೈಡನ್ನಿನ ಕಾಲುವೆಯ ಉದ್ದಕ್ಕೂ ಸಂತೆ ಸೇರುತ್ತದೆ, ಅದನ್ನು ಲೆಕ್ಕ ಹಾಕಿಯೇ ಬುಧವಾರ ಹೋದೆ. ಜೀರಿಗೆ ಹಾಕಿದ ಲೈಡನ್ ಚೀಸ್ ಅಲ್ಲಿಯ ವಿಶೇಷ. ಮಾರುವವನು ಚಾಕುವಿನ ತುದಿಯಲ್ಲಿ ಒಂದು ಚೂರು ಕೊಟ್ಟ; ಹಾಲಿನ ಸಿಹಿ, ಉಪ್ಪು, ನಡುವೆ ಹಲ್ಲಿಗೆ ಸಿಗುವ ಜೀರಿಗೆ. ಒಂದು ತುಂಡು ಕಟ್ಟಿಸಿಕೊಂಡು, ಪಕ್ಕದ ಗಾಡಿಯಲ್ಲಿ ಬಿಸಿಬಿಸಿಯಾಗಿ ಒತ್ತುತ್ತಿದ್ದ ಬೆಲ್ಲದ ಪಾಕದಂಥ ಹೂರಣದ ಸ್ಟ್ರೂಪ್‌ವಾಫಲ್ ತಿನ್ನುತ್ತ ವಿಶ್ವವಿದ್ಯಾಲಯದ ಸಸ್ಯೋದ್ಯಾನದತ್ತ ನಡೆದೆ.

ಈ ಉದ್ಯಾನ 1590ರಲ್ಲಿ ಸ್ಥಾಪನೆಯಾದದ್ದು. 1593ರಲ್ಲಿ ಕ್ಲೂಸಿಯಸ್ ಎಂಬ ವೃದ್ಧ ಸಸ್ಯಶಾಸ್ತ್ರಜ್ಞ ಇಲ್ಲಿಗೆ ಬಂದು ಟುಲಿಪ್ ಗೆಡ್ಡೆಗಳನ್ನು ನೆಡಿಸಿದ, 1594ರ ವಸಂತದಲ್ಲಿ ಅವು ಹೂಬಿಟ್ಟವು. ಅವನ ಕಾಲದ ಮಡಿಗಳನ್ನು ಹಳೆಯ ಪಟ್ಟಿಯ ಪ್ರಕಾರ ಮತ್ತೆ ರೂಪಿಸಿಟ್ಟಿದ್ದಾರೆ. ಇಟ್ಟಿಗೆ ಗೋಡೆಯೊಳಗೆ ಚಿಕ್ಕ ಚಿಕ್ಕ ಚೌಕಗಳು, ಒಂದೊಂದರಲ್ಲೂ ನಾಲ್ಕಾರು ಗಿಡ. ನಮ್ಮ ಕಣ್ಣಿಗೆ ಬಡವಾಗಿ ಕಾಣುವ ಈ ನೆಡುವಿಕೆಯೇ ಹೂಚಿತ್ರಗಳನ್ನು ಅರ್ಥಮಾಡಿಸುತ್ತದೆ. ಆಗ ಹೂವು ರಾಶಿಯಾಗಿ ಸಿಗುವ ವಸ್ತುವಾಗಿರಲಿಲ್ಲ. ಒಂದೊಂದು ಗಿಡಕ್ಕೂ ತನ್ನದೇ ಜಾಗ, ಹೆಸರು, ಬಂದ ದಾರಿ ಇತ್ತು. ಬೊಸ್ಕಾರ್ಟನ ಗುಚ್ಛದಲ್ಲಿ ಒಂದು ಹೂ ಇನ್ನೊಂದನ್ನು ಮರೆಮಾಡದಂತೆ ಎಲ್ಲವೂ ಮುಖ ತೋರಿಸಿ ನಿಂತಿರುವುದಕ್ಕೆ ಇದೇ ಕಾರಣವಿರಬೇಕೆಂದು ನನಗೆ ತೋರಿತು.

ಅದೇ ವಿಶ್ವವಿದ್ಯಾಲಯ ಅದೇ 1590ರ ದಶಕದಲ್ಲಿ ಕಟ್ಟಿಸಿದ ಇನ್ನೊಂದು ಸ್ಥಳ ಶವಚ್ಛೇದನದ ರಂಗಶಾಲೆ. ಮೂಲದ್ದು ಈಗಿಲ್ಲ, ಅದರ ಪೂರ್ಣ ಪ್ರತಿಕೃತಿಯನ್ನು ಊರಿನ ಬೂರ್‌ಹಾವೆ ವಿಜ್ಞಾನ ಸಂಗ್ರಹಾಲಯದಲ್ಲಿ ಮರದಿಂದ ಕಟ್ಟಿದ್ದಾರೆ. ನಡುವೆ ಹೆಣವಿಡುವ ಮೇಜು, ಸುತ್ತ ವೃತ್ತವೃತ್ತವಾಗಿ ಮೇಲೇರುವ ಕಟಕಟೆಗಳು, ಕಟಕಟೆಯ ಮೇಲೆ ಮನುಷ್ಯರ ಮತ್ತು ಪ್ರಾಣಿಗಳ ಅಸ್ಥಿಪಂಜರಗಳು. ಮನುಷ್ಯರ ಅಸ್ಥಿಪಂಜರಗಳ ಕೈಯಲ್ಲಿ ಬಾವುಟಗಳು, ಅವುಗಳ ಮೇಲೆ ಲ್ಯಾಟಿನ್ನಿನಲ್ಲಿ ಸಾವನ್ನು ನೆನೆ, ನಾವು ಧೂಳು ಮತ್ತು ನೆರಳು ಎಂಬರ್ಥದ ಮಾತುಗಳು. ಹೆಣ ಬೇಗ ಕೆಡಬಾರದೆಂದು ಛೇದನವನ್ನು ಚಳಿಗಾಲದಲ್ಲಿ ನಡೆಸುತ್ತಿದ್ದರು; ಬೇಸಿಗೆಯಲ್ಲಿ ವಿದ್ಯಾರ್ಥಿಗಳು ತೋಟದಲ್ಲಿ ಗಿಡಗಳನ್ನು ಕಲಿಯುತ್ತಿದ್ದರು. ಒಂದೇ ಪಾಠಶಾಲೆಯ ಎರಡು ಋತುಗಳಾಗಿ ಹೂವನ್ನೂ ದೇಹವನ್ನೂ ನೋಡಿದ ಊರಿನಲ್ಲಿ ವಾನಿಟಾಸ್ ಚಿತ್ರಗಳು ಅಷ್ಟೊಂದು ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಇದೇ ಕಟ್ಟಡದಲ್ಲಿ 1657ರ, ಹೈಗೆನ್ಸನ ವಿನ್ಯಾಸದಂತೆ ಸಾಲೊಮನ್ ಕಾಸ್ಟರ್ ಮಾಡಿದ ಲೋಲಕದ ಗಡಿಯಾರವೂ ಇದೆ. ಚಿಕ್ಕ ಚೌಕ ಪೆಟ್ಟಿಗೆ, ಗೋಡೆಗೆ ತೂಗುಹಾಕುವಂಥದು. ಹಿಂದಿನ ದಿನ ಚಿತ್ರದಲ್ಲಿ ಕಂಡದ್ದರ ಜೊತೆ ಇದನ್ನು ಸೇರಿಸಿ ನೋಡಿದಾಗ ಇಡೀ ಕಾಲಮಾನವೇ ಕಣ್ಣಿಗೆ ಕಟ್ಟಿತು.

ಮಧ್ಯಾಹ್ನ ಲಾಕನ್‌ಹಾಲ್ ಸಂಗ್ರಹಾಲಯ, ಹಿಂದೆ ಬಟ್ಟೆ ವ್ಯಾಪಾರದ ಮಂದಿರವಾಗಿದ್ದದ್ದು. ಇಲ್ಲಿಯ ಡೇವಿಡ್ ಬೈಲಿಯ 1651ರ ಚಿತ್ರದಲ್ಲಿ ಯುವಕನೊಬ್ಬ ಕುಳಿತು, ನಡುವಯಸ್ಸಿನವನೊಬ್ಬನ ಪುಟ್ಟ ಅಂಡಾಕಾರದ ಭಾವಚಿತ್ರವನ್ನು ಹಿಡಿದಿದ್ದಾನೆ. ಭಾವಚಿತ್ರದಲ್ಲಿರುವವನೂ ಬೈಲಿಯೇ, ಯುವಕನೂ ಬೈಲಿಯೇ ಎಂದು ಬಹಳ ಮಂದಿ ಓದುತ್ತಾರೆ. ಬರೆಯುವಾಗ ಅವನಿಗೆ ಅರವತ್ತು ದಾಟಿತ್ತು. ಮೇಜಿನ ಮೇಲೆ ಬುರುಡೆ, ಮರಳುಗಡಿಯಾರ, ಈಗಷ್ಟೇ ಆರಿ ಹೊಗೆಯಾಡುವ ಮೇಣದ ಬತ್ತಿ, ನಾಣ್ಯ, ಗಾಳಿಯಲ್ಲಿ ತೇಲುವ ನೀರ್ಗುಳ್ಳೆಗಳು, ಕಿತ್ತಿಟ್ಟ ಗುಲಾಬಿಗಳು. ಕಾವಲಿನಲ್ಲಿದ್ದ ಹಿರಿಯರು ನಾನು ಹೊರಡದಿದ್ದದ್ದನ್ನು ಗಮನಿಸಿ ಹತ್ತಿರ ಬಂದರು. ತಾವು ಇಲ್ಲಿ ಕೆಲಸಕ್ಕೆ ಸೇರಿದಾಗ ಯುವಕನ ಮುಖವನ್ನೇ ನೋಡುತ್ತಿದ್ದುದಾಗಿಯೂ, ಈಗ ಕಣ್ಣು ಮೊದಲು ಚಿಕ್ಕ ಭಾವಚಿತ್ರಕ್ಕೆ ಹೋಗುವುದಾಗಿಯೂ ಹೇಳಿ, ಮೇಜಿನ ಅಂಚಿನ ಗುಲಾಬಿಯನ್ನು ತೋರಿಸಿ, "ಇದಕ್ಕೆ ನೀರು ಕೊಟ್ಟಿಲ್ಲ, ನೋಡಿ" ಎಂದರು. ನಿಜ, ಎಲ್ಲ ಹೂಗಳೂ ಹೂದಾನಿಯಿಂದ ಹೊರಗಿವೆ.

ಗುರುವಾರ, ಲಿಮ್ಮೆನ್ ಮತ್ತು ಹಾರ್ಲೆಮ್

ಚಿತ್ರಗಳಲ್ಲಿರುವ ಬೆಂಕಿ ನಾಲಗೆಯಂಥ ಗೀರುಗಳ ಟುಲಿಪ್ಪನ್ನು ಗಿಡದ ಮೇಲೆಯೇ ನೋಡಬೇಕೆಂದಿದ್ದರೆ ಲಿಮ್ಮೆನ್ ಎಂಬ ಹಳ್ಳಿಗೆ ಹೋಗಬೇಕು. ಅಲ್ಲಿಯ ಹಾರ್ಟಸ್ ಬಲ್ಬೋರಮ್ ಎಂಬ ತೋಟ ಹಳೆಯ ತಳಿಗಳ ಗೆಡ್ಡೆಗಳನ್ನು ಕಾಪಾಡುತ್ತದೆ; ತೆರೆದಿರುವುದು ವಸಂತದ ಕೆಲವೇ ವಾರ. ಕಾಸ್ಟ್ರಿಕುಮ್ ನಿಲ್ದಾಣದಲ್ಲಿ ಇಳಿದು ಸೈಕಲ್ ಬಾಡಿಗೆಗೆ ಪಡೆದೆ. ದಾರಿಯುದ್ದಕ್ಕೂ ಹೊಲ; ಒಂದು ಕಡೆ ಯಂತ್ರವೊಂದು ಸಾಲಿನ ಮೇಲೆ ಹೋಗುತ್ತ ಅರಳಿದ ಟುಲಿಪ್‌ಗಳ ತಲೆಗಳನ್ನು ಕತ್ತರಿಸಿ ಚೆಲ್ಲುತ್ತಿತ್ತು. ಹೂವು ಉಳಿದರೆ ಬೀಜ ಕಟ್ಟಲು ಸತ್ವ ಹೋಗುತ್ತದೆ, ಗೆಡ್ಡೆ ಸೊರಗುತ್ತದೆ. ಬೆಳೆಗಾರ ಮಾರುವುದು ಗೆಡ್ಡೆಯನ್ನು. ಕೆಂಪು ಹೊಲ ಕಣ್ಣೆದುರೇ ಹಸಿರಾಗುತ್ತ ಹೋಗುವುದನ್ನು ಸೈಕಲ್ ನಿಲ್ಲಿಸಿ ನೋಡಿದೆ. ಅಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ಮರವಿಲ್ಲದ ಬಯಲು, ಕಡಲೆಕಾಳಿನ ಗಾತ್ರದ ಆಲಿಕಲ್ಲು ಕೈಗೆ ಚುಚ್ಚುವಂತೆ ಬಿತ್ತು. ತೋಟ ಸೇರುವಾಗ ಶೂಗಳೊಳಗೆ ನೀರಿತ್ತು. ಏಪ್ರಿಲ್‌ನಲ್ಲಿ ಹೋಗುವವರು ಕೊಡೆಗಿಂತ ಟೋಪಿಯಿರುವ ಮಳೆಯಂಗಿಯನ್ನೇ ಒಯ್ಯಬೇಕು.

ತೋಟವನ್ನು ನೋಡಿಕೊಳ್ಳುವವರು ಸ್ವಯಂಸೇವಕರು, ಹೆಚ್ಚಿನವರು ನಿವೃತ್ತರು. ಒಬ್ಬ ಹಿರಿಯರು ನನಗೊಂದು ಒಣ ಟವೆಲ್ ಕೊಟ್ಟು, ಏಪ್ರಿಲ್ ತನಗೆ ತೋಚಿದ್ದನ್ನು ಮಾಡುತ್ತದೆಂದು ತಮ್ಮಲ್ಲಿ ಹೇಳುತ್ತಾರೆ ಎಂದು ನಕ್ಕರು. ಸಾಲುಸಾಲು ಮಡಿಗಳು, ಪ್ರತಿಯೊಂದರ ಮುಂದೆ ತಳಿಯ ಹೆಸರು ಮತ್ತು ಇಸವಿ. ಡ್ಯೂಕ್ ವಾನ್ ಟೋಲ್, 1595: ಗೇಣುದ್ದವೂ ಇಲ್ಲದ ಗಿಡ, ಹಳದಿ ಅಂಚಿನ ಕೆಂಪು ಹೂ. ಜೋಮರ್‌ಸ್ಖೋನ್, 1620: ಕೆನೆಬಣ್ಣದ ಎಸಳಿನ ಮೇಲೆ ಗುಲಾಬಿ ಕೆಂಪಿನ ಗೀರುಗಳು, ಬುಡದಲ್ಲಿ ಅಗಲವಾಗಿ ಎದ್ದು ಅಂಚಿನತ್ತ ಎಳೆಎಳೆಯಾಗಿ ಹರಡುತ್ತವೆ, ಎರಡು ಎಸಳುಗಳಲ್ಲಿ ಒಂದೇ ವಿನ್ಯಾಸವಿಲ್ಲ. ಆಲಿಕಲ್ಲು ಬಿದ್ದ ಒಂದು ಎಸಳು ಹರಿದು ಪಾರದರ್ಶಕವಾಗಿತ್ತು.

ಆ ಗೀರುಗಳು ಒಂದು ರೋಗದ ಗುರುತು. ಗಿಡಹೇನು ಹರಡುವ ವೈರಸ್ ಹೂವಿನ ಬಣ್ಣವನ್ನು ಒಡೆಯುತ್ತದೆ, ಅಡಿಯ ಬಿಳುಪೋ ಹಳದಿಯೋ ಬಯಲಾಗುತ್ತದೆ. ಜೊತೆಗೇ ಗೆಡ್ಡೆ ದುರ್ಬಲವಾಗಿ ಮರಿಗೆಡ್ಡೆಗಳು ಕಡಿಮೆಯಾಗುತ್ತವೆ, ಅದರಿಂದಲೇ ತಳಿ ಅಪರೂಪವಾಗಿ ಬೆಲೆ ಏರುತ್ತದೆ. ಹದಿನೇಳನೆಯ ಶತಮಾನದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ಡೊರೊಥಿ ಕೇಲಿ 1928ರಲ್ಲಿ ಇದು ಗಿಡದಿಂದ ಗಿಡಕ್ಕೆ ದಾಟುವ ಸೋಂಕೆಂದು ತೋರಿಸಿದರು. ಕಲಾವಿದರು ಎಸಳಿನ ಪಕ್ಕದಲ್ಲಿ ನೊಣವನ್ನೂ ಹುಳುವನ್ನೂ ಬರೆದು ನಾಶವನ್ನು ಸೂಚಿಸಿದರು. ಆದರೆ ಅವರು ಅತ್ಯಂತ ಮೆಚ್ಚಿ ಬರೆದ ಆ ಗೀರಿನೊಳಗೇ ನಾಶ ಕುಳಿತಿತ್ತು ಎಂಬುದು ಅವರಿಗೆ ತಿಳಿಯಲು ದಾರಿಯೇ ಇರಲಿಲ್ಲ. ಎಲ್ಲಕ್ಕಿಂತ ಬೆಲೆಬಾಳುತ್ತಿದ್ದ ಸೆಂಪರ್ ಆಗಸ್ಟಸ್ ಎಂಬ ಟುಲಿಪ್ ತಳಿ ಇಂದು ಚಿತ್ರಗಳಲ್ಲಿ ಮಾತ್ರ ಇದೆ. "ಅದರ ಗೆಡ್ಡೆ ಎಲ್ಲಾದರೂ ಉಳಿದಿದ್ದರೆ ನಾವು ಈ ವೇಳೆಗೆ ಕೇಳಿರುತ್ತಿದ್ದೆವು" ಎಂದು ಆ ಹಿರಿಯರು ಜೋಮರ್‌ಸ್ಖೋನ್ ಮಡಿಯ ಕಳೆ ಕೀಳುತ್ತ ಹೇಳಿದರು. ಪ್ರತಿ ಬೇಸಿಗೆಯಲ್ಲೂ ಗೆಡ್ಡೆಗಳನ್ನು ಅಗೆದು, ಎಣಿಸಿ, ಶರತ್ಕಾಲದಲ್ಲಿ ಮತ್ತೆ ನೆಡುತ್ತಾರಂತೆ. ಒಂದು ವರ್ಷ ಬಿಟ್ಟರೂ ತಳಿ ಹೋದೀತೆಂಬ ಭಯ.

ಸಂಜೆ ಹಾರ್ಲೆಮ್‌ನಲ್ಲಿ ಇಳಿದದ್ದು, 1637ರ ಫೆಬ್ರವರಿಯಲ್ಲಿ ಟುಲಿಪ್ ಗೆಡ್ಡೆಗಳ ಹರಾಜಿಗೆ ಕೊಳ್ಳುವವರೇ ಬಾರದೆ ಬೆಲೆ ಕುಸಿದ ಊರು ಇದೆಂಬ ಕಾರಣಕ್ಕೆ. ದೊಡ್ಡ ಚರ್ಚಿನ ಚೌಕದಲ್ಲಿ ಆಲೂಗಡ್ಡೆಯ ಚಿಪ್ಸ್ ತಿಂದು, ಒದ್ದೆ ಕಾಲುಚೀಲದೊಂದಿಗೆ ಬೇಗನೆ ಮನೆಗೆ ಮರಳಿದೆ.

ಶುಕ್ರವಾರ, ಆಲ್ಸ್‌ಮೇರ್ ಮತ್ತು ಆಮ್ಸ್ಟರ್‌ಡ್ಯಾಮ್

ಆಲ್ಸ್‌ಮೇರ್‌ನ ಹೂ ಹರಾಜು ಬೆಳಗಿನ ವ್ಯವಹಾರ. ಒಂಬತ್ತರ ನಂತರ ಹೋದರೆ ಖಾಲಿ ಗಾಡಿಗಳನ್ನಷ್ಟೇ ನೋಡಬೇಕಾಗುತ್ತದೆ. ಏಳೂವರೆಗೆ ನಾನು ಸಂದರ್ಶಕರ ಮೇಲ್ಸೇತುವೆಯ ಮೇಲಿದ್ದೆ. ಕೆಳಗೆ ಕಣ್ಣು ಹಾಯುವಷ್ಟು ದೂರ ಹೂವಿನ ಗಾಡಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹಾವಿನಂತೆ ಹರಿದಾಡುತ್ತವೆ. ಗಾಳಿ ತಣ್ಣಗೆ, ಕತ್ತರಿಸಿದ ಕಾಂಡದ ಹಸಿವಾಸನೆ. ಅಷ್ಟು ಹೂವಿದ್ದರೂ ಪರಿಮಳವಿಲ್ಲ. ಇಲ್ಲಿಯ ಹರಾಜು ಗಡಿಯಾರದ ಮೂಲಕ. ಬೆಲೆ ಮೇಲಿನಿಂದ ಕೆಳಗೆ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿ ನಿಲ್ಲಿಸಿದವನಿಗೆ ಹೂ. ಕೊಳ್ಳುವವರಲ್ಲಿ ಹೆಚ್ಚಿನವರು ಈಗ ತಮ್ಮ ಕಂಪ್ಯೂಟರಿನ ಮುಂದೆಯೇ ಕುಳಿತಿರುತ್ತಾರೆ. ಬೆಂಗಳೂರಿನ ಹೆಬ್ಬಾಳದ ಹೂ ಹರಾಜು ಕೇಂದ್ರದಲ್ಲಿಯೂ ನಮ್ಮ ರೈತರ ಗುಲಾಬಿಗಳು ಮಾರಾಟವಾಗುವುದು ಇದೇ ಡಚ್ ಪದ್ಧತಿಯಲ್ಲಿ. ಹೂವಿಗೂ ಗಡಿಯಾರಕ್ಕೂ ವಾನ್ ಬೆಯರೆನ್ ಹಾಕಿದ ನಂಟು ಇಲ್ಲಿ ಅಕ್ಷರಶಃ ನಡೆಯುತ್ತಿದೆ. ಕಾವಲಿನ ಯುವಕನೊಬ್ಬ, ಹೂದಾನಿಯಲ್ಲಿ ಯಾವ ತಳಿ ಎಷ್ಟು ದಿನ ಬಾಳುತ್ತದೆಂದು ಪರೀಕ್ಷಿಸುವ ಕೋಣೆಗಳೂ ಇವೆಯೆಂದು ತಿಳಿಸಿದ. ಮನೆಯ ಹತ್ತಿರದ ಅಂಗಡಿಯಲ್ಲಿ ಕೊಳ್ಳುವ ಗುಚ್ಛದ ಕಾಗದದ ಮೇಲೆ ಏಳು ದಿನದ ಖಾತರಿ ಎಂದು ಅಚ್ಚಾಗಿದ್ದದ್ದು ನನಗೆ ಆಗ ನೆನಪಾಯಿತು.

ಮಧ್ಯಾಹ್ನ ತಂಗಿ ಅರ್ಧ ದಿನ ರಜೆ ಹಾಕಿ ರೈಕ್ಸ್ ಮ್ಯೂಸಿಯಮ್ಮಿಗೆ ಜೊತೆ ಬಂದಳು. ರಸಾಯನಶಾಸ್ತ್ರ ಓದಿದವಳು, ಚಿತ್ರಗಳಿಗಿಂತ ಅವುಗಳ ಬಣ್ಣದ ಬಗ್ಗೆ ಅವಳಿಗೆ ಕುತೂಹಲ. ಮೊದಲು ಹಾನ್ಸ್ ಬೊಲೊಂಜಿಯೆಯ 1639ರ ಹೂಚಿತ್ರ. ಬೆಲೆ ಕುಸಿದ ಎರಡೇ ವರ್ಷಕ್ಕೆ ಬರೆದದ್ದು. ಗೀರಿನ ಟುಲಿಪ್‌ಗಳು ಆಗಲೂ ಗುಚ್ಛದ ನೆತ್ತಿಯ ಮೇಲೆಯೇ ಇವೆ. ವ್ಯಾಪಾರ ಮುರಿದರೂ ಅವುಗಳ ಮೇಲಿನ ಆಸೆ ಮುರಿದಿರಲಿಲ್ಲ. ಆಮೇಲೆ ರೇಚಲ್ ರೌಸ್ 1716ರಲ್ಲಿ ಬರೆದ ಚಿತ್ರ. ಅವಳ ತಂದೆ ಫ್ರೆಡರಿಕ್ ರೌಸ್ ಆಮ್ಸ್ಟರ್‌ಡ್ಯಾಮಿನ ಅಂಗರಚನಾ ತಜ್ಞ, ಸಸ್ಯಶಾಸ್ತ್ರದ ಪ್ರಾಧ್ಯಾಪಕ. ಕೊಳೆಯದಂತೆ ದೇಹಗಳನ್ನು ಕಾಪಾಡುವ ವಿದ್ಯೆಯಲ್ಲಿ ಎತ್ತಿದ ಕೈ. ಭ್ರೂಣಗಳ ಪುಟ್ಟ ಅಸ್ಥಿಪಂಜರಗಳನ್ನು ಅಳುವ ಭಂಗಿಯಲ್ಲಿ ನಿಲ್ಲಿಸಿ ದೃಶ್ಯಗಳನ್ನು ಕಟ್ಟುತ್ತಿದ್ದ. ಆ ಸಂಗ್ರಹವನ್ನು ರಷ್ಯದ ಪೀಟರ್ ದೊರೆ 1717ರಲ್ಲಿ 30,000 ಗಿಲ್ಡರ್ ಕೊಟ್ಟು ಕೊಂಡ. ಅಂಥ ಮನೆಯಲ್ಲಿ ಬೆಳೆದ ಮಗಳು ಹತ್ತು ಮಕ್ಕಳನ್ನು ಹೆತ್ತು, ಎಂಬತ್ತರ ಆಚೆಯೂ ಹೂಗಳನ್ನು ಬರೆದಳು. ಮುಪ್ಪಿನ ಚಿತ್ರಗಳ ಮೇಲೆ ಸಹಿಯ ಜೊತೆ ತನ್ನ ವಯಸ್ಸನ್ನೂ ದಾಖಲಿಸಿದಳು.

ಕೊನೆಗೆ ಅಬ್ರಹಾಂ ಮಿನ್ಯೋನನ ಹೂಗಳು ಮತ್ತು ಗಡಿಯಾರ. 1679ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡವನು. ಹೂ, ಎಲೆ, ಇಬ್ಬನಿ, ಪಟ್ಟಿ ಕಟ್ಟಿದ ಗಡಿಯಾರ ಎಲ್ಲವೂ ಕೈಗೆ ಸಿಗುವಂತಿವೆ. ಒಂದು ಹಳದಿ ಗುಲಾಬಿ ಮಾತ್ರ ಕಾಗದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗಿದೆ. ಎಸಳು ಎಲ್ಲಿ ಮಡಿಚಿದೆ, ನೆರಳು ಎಲ್ಲಿದೆ, ಏನೂ ತಿಳಿಯುವುದಿಲ್ಲ. 2022ರಲ್ಲಿ ಆಂಟ್‌ವರ್ಪ್ ವಿಶ್ವವಿದ್ಯಾಲಯದವರು ಮತ್ತು ಈ ಸಂಗ್ರಹಾಲಯದವರು ಸೇರಿ ಕ್ಷ-ಕಿರಣಗಳಿಂದ ಪರೀಕ್ಷಿಸಿ ಕಾರಣವನ್ನು ಪ್ರಕಟಿಸಿದರು. ಮಿನ್ಯೋನ್ ಬಳಸಿದ್ದು ಆರ್ಸೆನಿಕ್ ಇರುವ ಹಳದಿ, ನಮ್ಮ ದೇಶದ ಹಳೆಯ ಚಿತ್ರಗಾರರಿಗೂ ಗೊತ್ತಿದ್ದ ಹರಿತಾಳ.

"ಬೆಳಕು ಬಿದ್ದು ಹರಿತಾಳ ಒಡೆದಿದೆ ಅಕ್ಕ" ಎಂದು ತಂಗಿ ವಿವರಿಸಿದಳು. "ಅದರ ಆರ್ಸೆನಿಕ್ಕು ಪಕ್ಕದ ಪದರಗಳ ಸೀಸದ ಜೊತೆ ಸೇರಿ ಬಣ್ಣವಿಲ್ಲದ ಲವಣವಾಗಿದೆ. ಎಸಳಿನ ಉಬ್ಬುತಗ್ಗು ತೋರಿಸೋದಕ್ಕೆ ಅವನು ತೆಳುವಾಗಿ ಬಳಿದಿದ್ದೆಲ್ಲ ಹಾಗೇ ಹೋಯಿತು."

"ಮತ್ತೆ ಹಳದಿ ಬಳಿದು ಸರಿಮಾಡೋಕಾಗಲ್ವಾ?"

"ಬಳಿದರೆ ಅದು ಬಳಿದವರ ಗುಲಾಬಿ ಆಗುತ್ತೆ. ಇದು ಕೊಳೆಯಲ್ಲ, ವಸ್ತುವೇ ಬೇರೆ ಆಗಿಬಿಟ್ಟಿದೆ."

ಯಾನ್ ವಾನ್ ಹೌಸಮ್ ಎಂಬ ಇನ್ನೊಬ್ಬ ಕಲಾವಿದ 1742ರಲ್ಲಿ ತನ್ನ ಗಿರಾಕಿಗೆ, ಹಳದಿ ಗುಲಾಬಿ ಸಿಗದ ಕಾರಣ ಚಿತ್ರ ಮುಗಿದಿಲ್ಲವೆಂದು ಬರೆದ ಪತ್ರವನ್ನು ನಾನು ಅವಳಿಗೆ ಹೇಳಿದೆ. ಅವನ ಕೆಲವು ಚಿತ್ರಗಳ ಮೇಲೆ ಎರಡು ಇಸವಿಗಳಿರುವುದು ಹೀಗೆ ಕಾದದ್ದರಿಂದಲೇ. ಒಂದು ಹೂವಿಗಾಗಿ ಇಡೀ ಋತುವನ್ನು ಕಾಯುವವರು ತಾವು ಬಳಿದದ್ದು ಉಳಿಯುತ್ತದೆಂಬ ನಂಬಿಕೆಯಿಂದ ತಾನೇ ಕಾಯುತ್ತಾರೆ! ಮನುಷ್ಯನ ಬಾಳು ಹೂವಿನಂತೆ ಬಾಡುತ್ತದೆಂಬ ಬೈಬಲಿನ ಮಾತನ್ನು ಇವರೆಲ್ಲ ಬಲ್ಲರು, ಆ ಮಾತನ್ನು ಬರೆಯುತ್ತಲೇ ಅದರ ವಿರುದ್ಧ ಕೆಲಸ ಮಾಡಿದರು. ಬಣ್ಣವೂ ಬಾಡಿತೆಂಬ ಕಾರಣಕ್ಕೆ ಆ ಕೆಲಸ ನನಗೆ ಚಿಕ್ಕದಾಗಿ ಕಾಣಲಿಲ್ಲ. ಅವರು ಎದುರಿಸಿದ್ದು ಎಂಥದ್ದನ್ನು ಎಂಬುದು ಆ ಚಪ್ಪಟೆ ಗುಲಾಬಿಯಿಂದ ಇನ್ನಷ್ಟು ಚೆನ್ನಾಗಿ ತಿಳಿಯಿತು.

"ವಾನ್ ಹೌಸಮ್‌ನದ್ದು ಇಲ್ಲಿದೆಯಾ?" ಎಂದು ತಂಗಿ ಕೇಳಿದಳು. 1723ರದ್ದೊಂದಿದೆ. ಐದಕ್ಕೆ ಬಾಗಿಲು ಹಾಕುತ್ತಾರೆ, ಅರ್ಧ ಗಂಟೆಯಿತ್ತು. ಬೇಗ ಬೇಗ ನಡೆದು ಹೋದೆವು. ಆ ಕಾಲದವರು ಎಲೆಯ ಹಸಿರಿಗೆ ನೀಲಿಯ ಜೊತೆ ಗಿಡಗಳಿಂದ ತೆಗೆದ ಹಳದಿಯನ್ನು ಸೇರಿಸುತ್ತಿದ್ದರು, ಬೆಳಕಿಗೆ ಮೊದಲು ಹೋಗುವುದು ಆ ಹಳದಿ. ಹಾಗೆ ಹೋದಲ್ಲೆಲ್ಲ ಎಲೆ ನೀಲಿಯಾಗುತ್ತದೆ. ಇದನ್ನು ಕೇಳಿದ ಮೇಲೆ ಅವಳು ಹೂಗಳನ್ನು ಬಿಟ್ಟು ಎಲೆಗಳನ್ನೇ ನೋಡತೊಡಗಿದಳು. "ಅಕ್ಕ, ಇಲ್ಲಿ ನೋಡು, ಇದು ಹಸಿರು ಇದ್ದದ್ದು" ಎಂದು ಒಂದು ಚಿತ್ರದಿಂದ ಇನ್ನೊಂದಕ್ಕೆ ನನ್ನನ್ನು ಎಳೆದುಕೊಂಡು ಹೋದಳು. ಕಾವಲಿನವರು ಬಂದು ಹೊತ್ತಾಯಿತೆಂದು ಹೇಳಿದಾಗಲೂ ಅವಳು ಇನ್ನೂ ಒಂದು ಗೋಡೆ ಬಾಕಿಯಿದೆಯೆಂದು ಅವರೊಡನೆ ಚೌಕಾಸಿ ಮಾಡುತ್ತಿದ್ದಳು.